ಹೆಜ್ಜೆ ಹಿಡಿದು ನಡೆಯುವ ಪಾಲಯ್ಯ

ಬೆಳಗಿನ ಆರೂವರೆ. ಹೊಸಹಳ್ಳಿಯಿಂದ ಮೂರು ಕಿಲೋಮೀಟರ್ ದೂರದ ಗುಡ್ಡದ ಬುಡದಲ್ಲಿ ಪಾಲಯ್ಯ ಮಂಡಿಯೂರಿ ಕುಳಿತಿದ್ದಾರೆ. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಗೊರಸಿನ ಗುರುತೊಂದನ್ನು ನೋಡುತ್ತಾರೆ. ಎದ್ದು ನಾಲ್ಕು ಮಾರು ನಡೆದು ಮತ್ತೆ ಬಗ್ಗುತ್ತಾರೆ. ನಿನ್ನೆ ಸಂಜೆ ಮನೆಗೆ ಬಾರದ, ಊರಿನವರೊಬ್ಬರ ಎಮ್ಮೆಯ ಹುಡುಕಾಟವಿದು.

"ಹೊತ್ತು ಏರಿದ್ರ ಏನೂ ಕಾಣಂಗಿಲ್ರಿ. ಬಿಸಿಲು ಅಡ್ಡ ಬಿದ್ದಾಗ ಹೆಜ್ಜಿಗೆ ನೆಳ್ಳು ಬರತೈತಿ. ಮಧ್ಯಾಹ್ನ ಬಂದು ನೋಡ್ರಿ, ಇದ ನೆಲ ಬರೇ ನೆಲ" ಎನ್ನುತ್ತಾರೆ.

ಅರ್ಧ ಗಂಟೆಯಲ್ಲಿ ಎಮ್ಮೆ ಸಿಗುತ್ತದೆ. ಜಾಲಿ ಮೆಳೆಯಾಚೆ, ಹಳೆಯ ಕಲ್ಲುಗಣಿಯ ನೀರಿನಲ್ಲಿ ಕಣ್ಣು ಮುಚ್ಚಿ ಮಲಗಿದೆ. ಪಾಲಯ್ಯ ಅದನ್ನು ಬೈಯುವುದೂ ಇಲ್ಲ, ಬಾಲ ಹಿಡಿದು ಎಬ್ಬಿಸುತ್ತಾರೆ.

ಅರವತ್ತೊಂದರ ಪಾಲಯ್ಯನವರಿಗೆ ಮೂವತ್ತೆರಡು ಕುರಿ, ಎರಡೆಕರೆ ಶೇಂಗಾ ಹೊಲ ಇವೆ. ಶಾಲೆ ಎರಡನೇ ತರಗತಿಗೆ ಮುಗಿಯಿತು. ಹೆಜ್ಜೆ ಓದುವುದನ್ನು ಕಲಿಸಿದ್ದು ತಂದೆ. ಬೇಕೆಂದೇ ಒಂದು ಕುರಿಯನ್ನು ಎಲ್ಲೋ ಕಟ್ಟಿಬಂದು ಮಗನನ್ನು ಹುಡುಕಲು ಕಳಿಸುತ್ತಿದ್ದರು. ಈಗ ದನಕರು ಕಳೆದರೂ, ಮನುಷ್ಯರು ಕಳೆದರೂ ಜನ ಇವರಿಗೇ ಫೋನ್ ಮಾಡುತ್ತಾರೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದಲೂ ಕರೆ ಬರುತ್ತದೆ. ಒಮ್ಮೆ ಹಲವಾಗಲಿನ ಹೊಳೆದಂಡೆಯ ಮರಳಿನಲ್ಲಿ ಇಡೀ ದಿನ ನಡೆದಿದ್ದಾರೆ. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಹುಡುಕಲು ಹೋದ ಮಕ್ಕಳು ಹತ್ತೊಂಬತ್ತು. ಲೆಕ್ಕ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಒಂದೊಂದು ಮಗುವಿನ ಹೆಸರೂ ಬಾಯಲ್ಲಿದೆ. ಪೊಲೀಸ್ ವರದಿಗಳಲ್ಲಿ ಇವರ ಪಾಲಿಗೆ ಬರುವುದು 'ಸ್ಥಳೀಯರ ನೆರವಿನಿಂದ' ಎಂಬ ಎರಡು ಪದ.

ಕಳೆದ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ. ಪಕ್ಕದ ಊರಿನ ಕೂಲಿ ಹೆಂಗಸು ಸುಜಾತಾ ಅವರ ಇಬ್ಬರು ಮಕ್ಕಳು ಸೀತಾಫಲ ತರುತ್ತೇವೆಂದು ಗುಡ್ಡಕ್ಕೆ ಹೋದವರು ತಿರುಗಿ ಬರಲಿಲ್ಲ. ಮಗಳು ದುರ್ಗಾದೇವಿಗೆ ಒಂಬತ್ತು, ಮಗ ಬೀರಲಿಂಗೇಶನಿಗೆ ನಾಲ್ಕು. ಊರವರು ಮೊದಲು ಬಾವಿಗಳನ್ನು ಇಣುಕಿದರು, ಆಮೇಲೆ ಬ್ಯಾಟರಿ ಹಿಡಿದು ಗುಡ್ಡ ಜಾಲಾಡಿದರು. ಬೆಳಗಾಗುವಾಗ ಯಾರೋ ಪಾಲಯ್ಯನವರನ್ನು ಬೈಕಿನಲ್ಲಿ ಕರೆತಂದರು. ಬಂದವರೇ ಎಲ್ಲರನ್ನೂ ಗದರಿಸಿದರು.

"ಜೀವ ಬಿಟ್ಟು ಹುಡುಕೀರಿ, ಖರೆ. ಆದ್ರ ನಲವತ್ತು ಮಂದಿ ತುಳಿದ ಮ್ಯಾಲೆ ಕೂಸಿನ ಹೆಜ್ಜಿ ಎಲ್ಲಿ ಉಳಿತೈತಿ? ಎಲ್ಲಾರೂ ಹಿಂದ ನಿಲ್ರಿ."

ಮಕ್ಕಳ ಕಾಲಲ್ಲಿ ಏನಿತ್ತೆಂದು ಸುಜಾತಾ ಅವರನ್ನು ಕೇಳಿದರು. ಹುಡುಗಿಗೆ ಚಪ್ಪಲಿ, ಸಣ್ಣವನು ಬರಿಗಾಲು. ಜನ ತುಳಿದ ಜಾಗವನ್ನು ಬಿಟ್ಟು ಅದರ ಹೊರಗೆ ಸುತ್ತು ಹಾಕಿದರು. ಗುಡ್ಡದ ಆಚೆ ಮಗ್ಗುಲಿನಲ್ಲಿ ಎರಡು ಜೊತೆ ಹೆಜ್ಜೆ ಸಿಕ್ಕವು. ಮಕ್ಕಳು ಊರಿಗೆ ಬೆನ್ನು ಹಾಕಿ ನಡೆದಿದ್ದರು.

ಒಂದು ಕಿಲೋಮೀಟರ್ ನಡೆದ ಮೇಲೆ, ಹಳ್ಳದ ಉಸುಕಿನಲ್ಲಿ, ಸಣ್ಣ ಹೆಜ್ಜೆ ನಿಂತೇಹೋಯಿತು. ಹತ್ತಡಿ ದೂರದಲ್ಲಿ ಕರಡಿಯ ಹೆಜ್ಜೆ. ಹಿಂದೆ ಬರುತ್ತಿದ್ದವರು ನೋಡಿ ಕೂಗಿಕೊಂಡರು. ಸುಜಾತಾ ಅಳತೊಡಗಿದರು.

ಪಾಲಯ್ಯ ಬಗ್ಗಿ ಕುಳಿತರು. ಕರಡಿಯ ಹೆಜ್ಜೆಯೊಳಗೆ ಇರುವೆಗಳು ಆಗಲೇ ಗೂಡು ತೋಡಿದ್ದವು. ಅಂದರೆ ಅದು ಹಳೆಯದು. ನಂತರ ಹುಡುಗಿಯ ಚಪ್ಪಲಿ ಗುರುತಿಗೆ ಬೆರಳಿಟ್ಟರು. ಅಲ್ಲಿಂದ ಮುಂದೆ ಅದು ಇನ್ನಷ್ಟು ಆಳವಾಗಿತ್ತು, ಹಿಮ್ಮಡಿ ಒತ್ತಿತ್ತು.

"ಅಳಬ್ಯಾಡ ತಂಗಿ" ಎಂದರು ಸುಜಾತಾಗೆ. "ನಿನ್ನ ಮಗಳು ಅವನ್ನ ಎತ್ಕಂಡಾಳ."

ಅಲ್ಲಿಂದ ಮುಂದಿನದನ್ನು ನೆನೆಯುವಾಗ ಪಾಲಯ್ಯ ಬೀಡಿ ಹಚ್ಚುವುದನ್ನೂ ಮರೆಯುತ್ತಾರೆ. "ಇಪ್ಪತ್ತು ಹೆಜ್ಜಿ ಹೊತ್ಕಂಡು ಹೋಗ್ಯಾಳ, ಇಳಿಸ್ಯಾಳ. ಇಳಿಸಿದಲ್ಲಿ ಅವಂದು ಎರಡು ಪಾದ. ಮತ್ತ ಎತ್ಯಾಳ. ಆಮ್ಯಾಲೆ ಇಪ್ಪತ್ತು ಹೋಗಿ ಹನ್ನೆರಡಾತು. ಹನ್ನೆರಡು ಹೋಗಿ ಆರಾತು. ಆರಕ್ಕ ಬಂದಾಗ ನನಗ ಅಂಜಿಕಿ ಆತ್ರಿ. ಯಾರಿಗೂ ಹೇಳಲಿಲ್ಲ."

ಒಂಬತ್ತರ ಹೊತ್ತಿಗೆ ದೊಡ್ಡ ಬಂಡೆಯೊಂದರ ಕೆಳಗೆ ಮಕ್ಕಳು ಸಿಕ್ಕರು. ಬೀರಲಿಂಗೇಶ ಅಕ್ಕನ ತೊಡೆಯ ಮೇಲೆ ನಿದ್ದೆಯಲ್ಲಿದ್ದ. ಕೂಗಿ ಕೂಗಿ ಹುಡುಗಿಯ ಗಂಟಲು ಕಟ್ಟಿತ್ತು. ತಾಯಿಯನ್ನು ಕಂಡು ಅವಳಿಂದ ಹೊರಟ ಮೊದಲ ಮಾತು, "ಅವನಿಗೆ ನೀರು ಕೊಡು."

ದುರ್ಗಾದೇವಿ ಈಗ ಐದನೇ ತರಗತಿ. ಆ ದಿನದ ಬಗ್ಗೆ ಕೇಳಿದರೆ ಮುಖ ಗಂಟಿಕ್ಕುತ್ತಾಳೆ. "ಎಷ್ಟು ಭಾರ ಅದಾನ ಗೊತ್ತೇನ್ರಿ ಅವನು! ನಡಿ ಅಂದ್ರ ನಡೀಲೇ ಇಲ್ಲ."

ಪಾಲಯ್ಯನವರ ಎಡಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಆಗಬೇಕು, ಆದರೆ ಅಷ್ಟು ದಿನ ಕುರಿ ಕಾಯುವವರಿಲ್ಲ. ಕಣ್ಣಿಗಿಂತ ಹೆಚ್ಚು ತೊಂದರೆ ಕೊಡುತ್ತಿರುವುದು ಚಪ್ಪಲಿಯಂತೆ. "ಮೊದಲು ಒಬ್ಬೊಬ್ಬರ ಪಾದ ಒಂದೊಂದು ನಮೂನಿ ಇರ್ತಿತ್ತು. ಈಗ ಊರಾಗಿನ ಹುಡುಗ್ರೆಲ್ಲಾ ಒಂದ ಅಂಗಡಿ ಚಪ್ಪಲಿ ಹಾಕ್ತಾವ. ಯಾವುದು ಯಾರದು ಅಂತ ಹೇಳಲಿ?"

ಆ ಹತ್ತೊಂಬತ್ತರಲ್ಲಿ ಹದಿನಾರು ಮಕ್ಕಳು ಜೀವಂತ ಸಿಕ್ಕರು. ಇಬ್ಬರು ಬಾವಿಯಲ್ಲಿ ಸಿಕ್ಕರು. ಒಬ್ಬ ಸಿಗಲೇ ಇಲ್ಲ. ಅವನು ತಿಪ್ಪೇರುದ್ರಮ್ಮನವರ ಏಳು ವರ್ಷದ ಮಗ ಪಾಲಾಕ್ಷ. ಹನ್ನೆರಡು ವರ್ಷದ ಹಿಂದೆ ಅವನು ಕಾಣೆಯಾದ ಸಂಜೆಯೇ ದೊಡ್ಡ ಮಳೆ ಸುರಿಯಿತು. ಬೆಳಿಗ್ಗೆ ಪಾಲಯ್ಯ ಹೋದಾಗ ನೆಲದ ಮೇಲೆ ಓದುವಂಥದ್ದೇನೂ ಉಳಿದಿರಲಿಲ್ಲ.

ಅಂದಿನಿಂದ ಪ್ರತಿ ದೊಡ್ಡ ಮಳೆಯ ಮರುದಿನ ಅವರು ಎಂಟು ಕಿಲೋಮೀಟರ್ ನಡೆದು ಪಾಲಾಕ್ಷ ಕಾಣೆಯಾದ ಗುಡ್ಡಕ್ಕೆ ಹೋಗುತ್ತಾರೆ. ಹಳ್ಳದುದ್ದಕ್ಕೂ ಹುಡುಕಿ ಹಿಂತಿರುಗುತ್ತಾರೆ. ಮಳೆ ಹೆಜ್ಜೆಯನ್ನು ಅಳಿಸಿದರೂ ಮಣ್ಣಿನೊಳಗೆ ಸೇರಿದ್ದನ್ನು ಮೇಲೆ ತರುತ್ತದೆ ಎಂಬುದು ಅವರ ಲೆಕ್ಕ. ಈವರೆಗೆ ಏನೂ ಮೇಲೆ ಬಂದಿಲ್ಲ.

ಇಷ್ಟು ವರ್ಷವಾದ ಮೇಲೂ ಏಕೆ ಹೋಗುತ್ತೀರಿ ಎಂದು ಕೇಳಿದೆ.

"ತಿಪ್ಪೇರುದ್ರಮ್ಮ ಸಂತ್ಯಾಗ ಸಿಗ್ತಾಳ್ರಿ. 'ಹೋಗಿದ್ದೇನಣ್ಣ?' ಅಂತ ಕೇಳ್ತಾಳ, ಅಷ್ಟ. 'ಹೋಗಿದ್ದೆ ತಂಗಿ' ಅಂತೀನಿ. ಆಕಿ ಮುಂದ ಸುಳ್ಳು ಹೇಳಾಕ ಆಗಂಗಿಲ್ರಿ. ಅದಕ್ಕ ಹೋಗ್ತೀನಿ."