ಬಾಲಂಗೋಚಿಯ ಕೆಲಸ

ನಮ್ಮಕ್ಕ ಹೊಲಿಗೆಯವಳು. ಬಸ್ ನಿಲ್ದಾಣದ ಹಿಂದೆ ಒಂದೇ ಕಿಟಕಿಯ ಅಂಗಡಿ, ಎರಡು ಮಿಷನ್ನು, ಗೋಡೆಗೆ ಒರಗಿಸಿದ ಸೈಕಲ್ಲು. ಆ ಸೈಕಲ್ಲಿನ ಗ್ರೀಸ್ ಗಿರಾಕಿಯ ಬಟ್ಟೆಗೆ ಮೆತ್ತಿದರೆ ಬೈಸಿಕೊಳ್ಳುವುದೂ ಗಿರಾಕಿಯೇ. ವಾರವೆಲ್ಲ ಮಿಷನ್ ತುಳಿದು ಭಾನುವಾರ ಸೈಕಲ್ ತುಳಿಯುವವರಲ್ಲಿ ನಾನು ನೋಡಿದ್ದು ಅವಳೊಬ್ಬಳನ್ನೇ.

ನಮ್ಮ ಸೈಕಲ್ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ತಿಂಗಳಿಗೊಮ್ಮೆ ಹಳ್ಳಿದಾರಿ ಸುತ್ತಲು ಹೊರಟಾಗ, ಪ್ರತಿ ಕವಲಿನಲ್ಲೂ ಒಬ್ಬರು ನಿಂತು ಹಿಂದಿನವರಿಗೆ ದಾರಿ ತೋರಿಸಬೇಕು. ಎಲ್ಲರಿಗಿಂತ ಕೊನೆಗೆ ಬರುವವರು ದಾಟಿದ ಮೇಲೆಯೇ ಅವರು ಹೊರಡಬೇಕು. ಆ ಕೊನೆಯವರಿಗೆ ನಾವಿಟ್ಟ ಹೆಸರು ಬಾಲಂಗೋಚಿ. ಹದಿನೆಂಟು ವರ್ಷ ಅದು ನಮ್ಮಕ್ಕನೇ. ಎಂಥ ಬಸವನಹುಳು ಬಂದರೂ ಅದರ ಹಿಂದೆ ಅವಳಿರುತ್ತಿದ್ದಳು.

ಹೋದ ವರ್ಷ ಅವಳ ಮಂಡಿಗೆ ಆಪರೇಷನ್ ಆಯಿತು. ಎಂಟು ತಿಂಗಳು ಕಳೆದು ಮತ್ತೆ ಸವಾರಿಗೆ ಬಂದ ದಿನ, ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು, "ಅಕ್ಕಾ, ಇವತ್ತು ನೀವು ಆರಾಮಾಗಿ ಮಧ್ಯದಲ್ಲಿ ಬನ್ನಿ. ಬಾಲಂಗೋಚಿ ಕೆಲಸ ಇವಳು ನೋಡ್ಕೊತಾಳೆ" ಎಂದು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೊಸ ಹುಡುಗಿಯನ್ನು ತೋರಿಸಿದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೂ ದಿನವೂ ಹಲ್ಲು ಕೀಳುವವರಿಗೆ ಎಲ್ಲಿ ನೋಯುತ್ತದೆಂದು ತಿಳಿಯಬೇಡವೇ? ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಮುಖ ಸಣ್ಣದಾಯಿತು.

"ಕೆಲಸ ಇಲ್ದೆ ಸುಮ್ನೆ ಜೊತೆಗೆ ಬರೋಕೆ ನನಗೆ ಬರಲ್ಲ ಕಣೇ. ಇದೇ ಕೊನೆ ಸಲ" ಎಂದಳು ನನಗೆ ಮಾತ್ರ ಕೇಳುವಂತೆ. ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ.

ಮಧ್ಯದಲ್ಲಿ ಬನ್ನಿ ಎಂದರೆ ಮಂಡಿ ಕೇಳಬೇಕಲ್ಲ! ಅವಳೂ ನಾನೂ ಹಿಂದೆ ಬಿದ್ದೆವು. ನಮ್ಮ ಹಿಂದೆ ಉಳಿದದ್ದು ಇಬ್ಬರೇ. ಜೀವಮಾನವೆಲ್ಲ ಸೈಕಲ್ ತುಳಿದು ಈಗ ನಿಧಾನವೇ ಪ್ರಧಾನ ಎನ್ನುವ ನಿವೃತ್ತ ಪೋಸ್ಟ್‌ಮ್ಯಾನ್, ಅವರ ಬೆನ್ನಿಗೆ ಆ ಹುಡುಗಿ.

ಮಧ್ಯಾಹ್ನ ಕೆರೆಯ ಏರಿ ಮೇಲೆ ಬುತ್ತಿ ಬಿಚ್ಚಿ ಎಷ್ಟು ಹೊತ್ತಾದರೂ ಅವರಿಬ್ಬರ ಸುಳಿವಿಲ್ಲ. ಪೋಸ್ಟ್‌ಮ್ಯಾನ್ ಹತ್ತಿರ ಫೋನೇ ಇಲ್ಲ. ಹುಡುಗಿಗೆ ಮಾಡಿದರೆ, ಡಾಕ್ಟರು ಹೊತ್ತು ತಂದಿದ್ದ ಅವಳ ಬುತ್ತಿಚೀಲದೊಳಗೇ ಫೋನು ಹಾಡಿತು. ಆಗ ನಮ್ಮ ಕ್ಲಬ್ಬಿನ ಬೇಕರಿಯವರು ಹಣೆ ಹಣೆ ಚಚ್ಚಿಕೊಂಡರು. ಇಟ್ಟಿಗೆ ಗೂಡಿನ ಕವಲಿನಲ್ಲಿ ನಿಂತಿದ್ದವರು ಅವರು.

"ಅಕ್ಕ ದಾಟಿದ್ರು, ನಾನು ಹೊರಟ್ಬಿಟ್ಟೆ! ಇಷ್ಟು ವರ್ಷ ಅವರ ಮುಖ ನೋಡೇ ಅಲ್ವಾ ಹೊರಡ್ತಿದ್ದಿದ್ದು?"

"ನಾನು ಹೋಗಿ ಕರ್ಕೊಂಡು ಬರ್ತೀನಿ" ಎಂದು ಡಾಕ್ಟರು ಎದ್ದರು.

"ನೀವು ಊಟ ಮಾಡಿ ಡಾಕ್ಟ್ರೇ" ಎಂದ ಅಕ್ಕ ಅಷ್ಟರಲ್ಲಿ ಸೈಕಲ್ ಹತ್ತಿಯಾಗಿತ್ತು. ಮಂಡಿಗೇನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆಂದು ಬೈಯುತ್ತಲೇ ನಾನೂ ಹಿಂಬಾಲಿಸಿದೆ.

ಎರಡು ಮೈಲಿ ಹಿಂದೆ, ಆ ಕವಲಿನಲ್ಲೇ, ಯಾವ ದಾರಿ ಹಿಡಿಯಬೇಕೆಂದು ತಿಳಿಯದೆ ಇಬ್ಬರೂ ಮರದಡಿ ಕೂತಿದ್ದರು. ಹುಡುಗಿಯ ಕಣ್ಣು ಕೆಂಪಾಗಿತ್ತು.

"ನನ್ನನ್ನ ಇಲ್ಲೇ ಬಿಟ್ಟು ಮುಂದೆ ಹೋಗಿ ದಾರಿ ನೋಡಮ್ಮ ಅಂತ ಹತ್ತು ಸಲ ಹೇಳಿದೆ. ಒಂದು ಹೆಜ್ಜೆ ಕದಲಲಿಲ್ಲ" ಎಂದರು ಪೋಸ್ಟ್‌ಮ್ಯಾನ್.

"ತಪ್ಪಾಯ್ತು ಆಂಟಿ, ಎಲ್ಲರ ಊಟ ಕೆಡಿಸಿದೆ" ಎಂದಳು ಹುಡುಗಿ.

"ಇವರನ್ನ ಬಿಟ್ಟು ಬಂದಿದ್ರೆ ತಪ್ಪಾಗ್ತಿತ್ತು. ಏಳು, ನೀರು ಕುಡಿ" ಎಂದಳು ಅಕ್ಕ.

ವಾಪಸ್ಸು ಬರುವಾಗ ಪೋಸ್ಟ್‌ಮ್ಯಾನ್ ಮುಂದೆ, ನಾನು ಅವರ ಹಿಂದೆ, ಆಮೇಲೆ ಅಕ್ಕ, ಕೊನೆಗೆ ಹುಡುಗಿ. ಕೆರೆ ಏರಿಯ ದಿಣ್ಣೆಯಲ್ಲಿ ಅವಳ ಮಂಡಿ ಕೈಕೊಟ್ಟಿತು. ಇಳಿದು ತಳ್ಳತೊಡಗಿದಳು. ತಿರುಗಿ ನೋಡಿದರೆ ಹುಡುಗಿಯೂ ಇಳಿದಿದ್ದಾಳೆ. ನೋವಾ ಎಂದು ಕೇಳಲಿಲ್ಲ, ಹತ್ತಿರ ಬಂದು ಕೈಯನ್ನೂ ಹಿಡಿಯಲಿಲ್ಲ. ಹತ್ತು ಹೆಜ್ಜೆ ಹಿಂದೆ, ಹೊಲ ನೋಡುತ್ತ ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು.

"ನೀನ್ಯಾಕೆ ಇಳಿದೆ? ತುಳ್ಕೊಂಡು ಮುಂದೆ ಹೋಗು" ಎಂದಳು ಅಕ್ಕ.

"ಇಲ್ಲ ಆಂಟಿ. ನಾನು ನಿಮ್ಮ ಹಿಂದೇನೇ ಬರಬೇಕು."

ಅಕ್ಕ ನಿಂತುಬಿಟ್ಟಳು. ಅಷ್ಟು ವರ್ಷ ಎಲ್ಲರ ಬೆನ್ನು ಕಾದವಳು, ತನ್ನ ಬೆನ್ನ ಹಿಂದೆ ಒಬ್ಬರಿದ್ದರೆ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಕಣ್ಣು ತುಂಬಿತು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದಳು: "ಇವಳು ಹಿಂದೆ ಇದ್ರೆ, ನಾನು ಇಷ್ಟೇ ನಿಧಾನಕ್ಕೆ ಇನ್ನೂ ಎಷ್ಟು ದೂರ ಬೇಕಾದ್ರೂ ಬರ್ತೀನಿ ಕಣೇ."