ಮುಳ್ಳಿನ ಸುಳ್ಳು ಹಿಡಿಯುವ ಶಿವಕಾಂತ

ತ್ರ್ಯಂಬಕೇಶ್ವರದಲ್ಲಿ ನಿಂತ ಕಾರಿನಲ್ಲಿ ಎಷ್ಟು ಪೆಟ್ರೋಲ್ ಉಳಿದಿದೆ ಎಂಬುದನ್ನು ನಾಸಿಕ್ ಊರಿನಲ್ಲಿ ಹಲ್ಲುಜ್ಜುತ್ತಲೇ, ಬರೀ ಗಾಳಿ ಮೂಸಿ ಹೇಳಬಲ್ಲ ಮನುಷ್ಯ ಭೂಮಂಡಲದಲ್ಲಿ ಒಬ್ಬರೇ: ದ್ವಾರಕಾ ಸರ್ಕಲ್ ಹಿಂದಿನ ಗಲ್ಲಿಯ ಮೆಕ್ಯಾನಿಕ್ ಶಿವಕಾಂತ.

ಬೆಳಕು ಹರಿಯುವ ಹೊತ್ತಿಗೆ ಅವರು ಹಳೆಯ ಕಾರೊಂದರ ಹಿಂದಿನ ಸೀಟು ಎತ್ತಿ ಟ್ಯಾಂಕಿನ ಮೇಲೆ ಬಗ್ಗಿದ್ದಾರೆ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನ ಮಧುಕರ ಅವರ ಕಾರು. ಟ್ಯಾಂಕು ಬರಿದಾದರೂ ಮೀಟರಿನ ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ. ಪಕ್ಕದಲ್ಲಿ ಮಧುಕರರ ಪತ್ನಿ ಅಲಕಾ ಕೈಕಟ್ಟಿ ನಿಂತಿದ್ದಾರೆ.

"ಈ ಮುಳ್ಳು ನಂಬಿ ಚಾಂದವಡದಾಗ ಉಳ್ಳಾಗಡ್ಡಿ ಲಾರಿಗಳ ನಡುವ ನಿಂತದ್ದು ಸಾಕಾತು. ಇವತ್ತ ಸರಿ ಆಗಲಿಲ್ಲಂದ್ರ ಗುಜರಿಗೆ ಹಾಕೋದ."

"ಹಂಗನಬ್ಯಾಡ. ಅಪ್ಪ ನನಗ ಗೇರ್ ಹಾಕೋದು ಕಲಿಸಿದ ಗಾಡಿ," ಮಧುಕರ ಗೊಣಗುತ್ತಾರೆ.

"ಪೆಟ್ರೋಲ್ ಹಾಕೋದೂ ಕಲಿಸಬೇಕಿತ್ತು."

ಶಿವಕಾಂತ ಭಾಲ್ಕಿ ಕಡೆಯವರು. ಗ್ಯಾರೇಜಿಗೆ ಬೋರ್ಡಿಲ್ಲ, ಮಳೆ ಬಂದರೆ ತಾಡಪತ್ರಿಯೇ ಛಾವಣಿ. ಹೊಸ ಗಾಡಿಗಳೆಲ್ಲ ಶೋರೂಮಿಗೆ ಹೋಗುತ್ತವೆ, ಮುದಿ ಗಾಡಿಗಳು ಇವರ ಪಾಲು. ದಿನಕ್ಕೆ ಮುನ್ನೂರು ನೋಡುತ್ತಾರೆ. ಸರಿ, ಮೂರು.

ಟ್ಯಾಂಕಿನ ವೈರು ಬಿಡಿಸುತ್ತಾರೆ: ಮುಳ್ಳು ಕೆಳಗೆ ಬೀಳುತ್ತದೆ. ವೈರನ್ನು ಕಾರಿನ ಲೋಹದ ಮೈಗೆ ತಾಗಿಸುತ್ತಾರೆ: ಫುಲ್ಲಿಗೆ ಏರುತ್ತದೆ. ಮೊದಲ ಏಟಿಗೇ ರೋಗ ಸಿಕ್ಕಿತು!

"ನೋಡ್ರಿ ವೈನಿ, ಮೀಟರ್ ಛಲೋ ಅದ, ವೈರೂ ಛಲೋ ಅದ. ಟಾಕಿ ಒಳಗ ತೇಲೋ ಫ್ಲೋಟ್ ಸಿಕ್ಕೊಂಡದ. ಅದು ಹೇಳಿದ್ದೇ ಮುಳ್ಳು ತೋರಸ್ತದ."

ಫ್ಲೋಟನ್ನು ಹೊರತೆಗೆದು, ಬಾಗಿದ ಅದರ ಕಡ್ಡಿಯನ್ನು ನೆಟ್ಟಗೆ ಮಾಡುತ್ತಾರೆ. ವೈರು ಕೂಡಿಸಿ, ಕೈಯಲ್ಲೇ ಎತ್ತಿ ಇಳಿಸುತ್ತಾರೆ. ಮುಳ್ಳು ಅದರ ಹಿಂದೆಯೇ ಏರಿ ಇಳಿಯುತ್ತದೆ. ಎಲ್ಲ ಜೋಡಿಸಿದ ಮೇಲೆ ಅಲಕಾ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಗುಜರಿ ತಪ್ಪಿತು, ಕಾರು ಸಂಭಾಜಿನಗರದ ಹಾದಿ ಹಿಡಿಯುತ್ತದೆ.

ಇಷ್ಟನ್ನು ಬರೆದ ಈ ಲೇಖಕ ಅಲ್ಲೇ ಓದಿ ತೋರಿಸಿದರೆ ಶಿವಕಾಂತ ಕೈ ಅಡ್ಡ ಹಿಡಿಯುತ್ತಾರೆ.

"ಮೊದಲ ಏಟಿಗೆ ಅಂತ ಯಾಕ ಬರದೀರಿ? ನೀವು ಇಲ್ಲೇ ಚಾ ಕುಡಕೋತ ಕುಂತಿದ್ರಿ. ಮೊದಲ ನಾ ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಲಿಲ್ಲೇನು? ಸಾಹೇಬ್ರು ಫೋನಿನಾಗ 'ಗಾಡೀದು ಭಾಳ ಕಾಟ' ಅಂದ್ರು. ಮರಾಠಿಯಾಗ ಮುಳ್ಳಿಗೇ ಕಾಟಾ ಅಂತಾರ. ಇಷ್ಟು ವರ್ಷ ಇಲ್ಲೇ ಇದ್ದು ನನ್ನ ಕಿವಿ ಮರಾಠಿ ಆಗ್ಯಾವ. ಮುಳ್ಳೇ ಕೆಟ್ಟದ ಅಂತ ತಿಳಕೊಂಡೆ."

ನಿಜ. ಬಿಚ್ಚಿದ್ದನ್ನು ಈ ಲೇಖಕ ಕಣ್ಣಾರೆ ಕಂಡಿದ್ದ; ಕಥೆಯ ಬಣ್ಣ ಕೆಡುತ್ತದೆಂದು ನುಂಗಿಕೊಂಡಿದ್ದ. ಗಾಳಿ ಮೂಸುವುದೂ ಇವನ ಸೃಷ್ಟಿಯೇ. ಹಾಗಾದರೆ ಇದ್ದದ್ದನ್ನೇ ಬರೆಯಲೇ ಎಂದು ತಲೆ ತಗ್ಗಿಸಿ ಕೇಳುತ್ತಾನೆ.

"ಬರೀರಿ," ಶಿವಕಾಂತ ಕೈ ಒರೆಸಿಕೊಳ್ಳುತ್ತಾರೆ. "ಪೂರಾ ಬಿಚ್ಚಿ ಕೂಡಿಸಿದ ಮ್ಯಾಲ ಒಂದು ಸ್ಕ್ರೂನೂ ಮಿಗಲಿಲ್ಲ. ಅದನ್ನೂ ಬರೀರಿ."