ಏಜೆಂಟ್ ಮೇಡಂ ಇದ್ದಾರಾ?

ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಇಡ್ಲಿ. ಹೀಗೆಂದು ಯಾರೂ ಕಾನೂನು ಮಾಡಿಲ್ಲ, ಯಾರೂ ಮುರಿದೂ ಇಲ್ಲ. ಕಳೆದ ಸೋಮವಾರವೂ ಹಿಟ್ಟು ಉಕ್ಕಿ ಪಾತ್ರೆಯ ಮುಚ್ಚಳವನ್ನು ಎತ್ತಿತ್ತು. ಮಗಳು ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ ಕುಂಟುತ್ತಿದ್ದಳು. ನಮ್ಮವರು ಪೇಪರಿನ ಹಿಂದೆ ಇದ್ದರು. (ಮದುವೆಯಾದಾಗಿನಿಂದ ಬೆಳಗಿನ ಹೊತ್ತು ನಾನು ಅವರ ಬೆರಳುಗಳನ್ನಷ್ಟೇ ನೋಡಿದ್ದೇನೆ.)

ಎರಡನೇ ಒಬ್ಬೆ ಇಡ್ಲಿ ಇಳಿಸುವಾಗ ಗೇಟಿನ ಬಳಿ ಬೈಕ್ ನಿಂತ ಸದ್ದು. ಮೈದುನ ಸುರೇಶ. ಹೊಳೆನರಸೀಪುರದಲ್ಲಿ ಮನೆ, ಬಹಳ ವರ್ಷಗಳಿಂದ ಇನ್ಶೂರೆನ್ಸ್ ಏಜೆಂಟ್. ಹಾಸನದ ಬ್ರಾಂಚಿಗೆ ಬರುವ ದಿನ ತಿಂಡಿ ನಮ್ಮಲ್ಲೇ.

ತಟ್ಟೆ ಮುಂದಿಟ್ಟೆ. ಅವನು ಚಟ್ನಿಯ ಬಟ್ಟಲು ಆಚೆ ಸರಿಸಿ ಆ ಜಾಗದಲ್ಲಿ ಒಂದು ಕಾಗದ ಇಟ್ಟ.

"ಅತ್ತಿಗೆ, ಇಲ್ಲೊಂದು ಸೈನ್ ಹಾಕಿ."

"ಏನಿದು?"

"ನಿಮ್ಮನ್ನ ಏಜೆಂಟ್ ಮಾಡ್ತಿದೀನಿ!" ನನಗೆ ಲಾಟರಿ ಹೊಡೆದಿದೆ ಎನ್ನುವ ಹಾಗೆ ನಕ್ಕ.

ಪೇಪರಿನ ಹಿಂದಿನಿಂದ ದನಿ ಬಂತು. "ಒಂದು ಸೈನ್ ತಾನೇ, ಹಾಕ್ಬಿಡು. ಇಡ್ಲಿ ಆರುತ್ತೆ."

ನೀವೇ ಹೇಳಿ. ಈ "ಒಂದು ಸೈನ್ ತಾನೇ" ಎನ್ನುವ ಮಾತನ್ನು ನಿಮ್ಮ ಮನೆಯಲ್ಲಿ ಯಾವತ್ತಾದರೂ ಗಂಡಸರಿಗೆ ಹೇಳಿದ್ದು ಕೇಳಿದ್ದೀರಾ? ಅವರ ಸಹಿಗೆ ಪೆನ್ನಿನ ಬಣ್ಣದಿಂದ ಹಿಡಿದು ಮುಹೂರ್ತದವರೆಗೆ ಯೋಚನೆ. ನಮ್ಮ ಸಹಿ ಮಾತ್ರ ಕೊತ್ತಂಬರಿ ಸೊಪ್ಪಿನ ಹಾಗೆ, ಕೇಳಿದರೆ ಕೊಸರು ಕೊಡಬೇಕು.

ವಿಷಯ ಇಷ್ಟು. ಜೀವವಿಮೆಯಲ್ಲಿ ಒಬ್ಬ ಏಜೆಂಟಿಗೆ ಒಂದೇ ಕಂಪೆನಿ, ಅದು ನಿಯಮ. ಮೊದಲು ಇದು ಯಾರನ್ನೂ ಕಾಡಲಿಲ್ಲ, ಬೇರೆ ಕಂಪೆನಿಯೇ ಇರಲಿಲ್ಲವಲ್ಲ. ಈಗ ಬೀದಿಗೊಂದು ಕಂಪೆನಿಯ ಬೋರ್ಡು. ಜನ "ಬೇರೆಯವರದ್ದು ಹೆಂಗಿದೆ?" ಎಂದು ಕೇಳುತ್ತಾರೆ. ಹಲವು ಕಂಪೆನಿಗಳ ಪಾಲಿಸಿ ಮುಂದಿಟ್ಟು ಹೋಲಿಸಿ ಹೇಳುವ ಬ್ರೋಕರ್‌ಗಳಿದ್ದಾರೆ, ಅವರಿಗೆ ಬೇರೆಯೇ ಲೈಸೆನ್ಸ್. ಅಷ್ಟು ದೂರ ಹೋಗಲಾರದವರು ಏನು ಮಾಡುತ್ತಾರೆ? ಒಂದು ಏಜೆನ್ಸಿ ತಮ್ಮ ಹೆಸರಲ್ಲಿ, ಇನ್ನೊಂದು ಹೆಂಡತಿಯ ಹೆಸರಲ್ಲಿ. ಸುರೇಶನ ಹೆಂಡತಿ, ನನ್ನ ಓರಗಿತ್ತಿ ವನಜಾಕ್ಷಿಯ ಹೆಸರು ಆಗಲೇ ಖರ್ಚಾಗಿತ್ತು. ಮೂರನೇ ಕಂಪೆನಿಗೆ ಅತ್ತಿಗೆ ಬೇಕಾದಳು.

"ನಿಮ್ದು ಕಾನ್ವೆಂಟ್ ಇಂಗ್ಲಿಷು ಅತ್ತಿಗೆ, ಏಜೆಂಟ್ ಪರೀಕ್ಷೆ ನೀರು ಕುಡಿದಂಗೆ. ಮಿಕ್ಕಿದ್ದೆಲ್ಲಾ ನಾನೇ ನೋಡ್ಕೋತೀನಿ."

"ಯಾರಾದ್ರೂ ಬಂದು ನನ್ನ ಕೇಳಿದ್ರೆ?"

"ನಿಮ್ಮನ್ನ ಯಾರು ಕೇಳ್ತಾರೆ?"

ಅವನ ಬಾಯಲ್ಲಿ ಇಡ್ಲಿ ಇತ್ತು. ಅದಕ್ಕೇ ನಿಜ ಹೊರಗೆ ಬಂತೋ ಏನೋ.

ಹಾಸನದ ಬಟ್ಟೆ ಅಂಗಡಿಗಳನ್ನೇ ನೋಡಿ. ಒಂದರಲ್ಲಿ ಒಂದೇ ಮಿಲ್ಲಿನ ಬಟ್ಟೆ, ಬೋರ್ಡಿನ ಮೇಲೇ ಬರೆದಿದೆ. ಬೇರೆ ಮಿಲ್ಲಿನದು ಚೆನ್ನಾಗಿದೆಯಾ ಎಂದು ಅಲ್ಲಿ ಕೇಳಿದರೆ ತಪ್ಪು ನಿಮ್ಮದೇ. ಪಕ್ಕದ ಅಂಗಡಿಯಲ್ಲಿ ಎಲ್ಲ ಮಿಲ್ಲಿನ ಥಾನುಗಳೂ ಇವೆ, ಎರಡನ್ನೂ ಬೀದಿಯ ಬೆಳಕಿಗೆ ಹಿಡಿದು ನೋಡಬಹುದು. ಎರಡೂ ಮರ್ಯಾದೆಯ ವ್ಯಾಪಾರವೇ. ಆದರೆ ಒಂದೇ ಮಿಲ್ಲಿನ ಅಂಗಡಿಯವನು ಹೆಂಡತಿಯ ಸೆರಗಿನ ಮರೆಯಲ್ಲಿ ಇನ್ನೊಂದು ಮಿಲ್ಲಿನ ಥಾನು ಇಟ್ಟುಕೊಂಡು ಮಾರಿದರೆ? ಬಣ್ಣ ಬಿಟ್ಟಾಗ ಯಾರನ್ನು ಹಿಡಿಯುತ್ತೀರಿ?

ನನ್ನ ತೌರು ಚನ್ನರಾಯಪಟ್ಟಣ. ಅಲ್ಲಿ ನಮಗೆ ಒಬ್ಬ ಮೇಷ್ಟ್ರು ಏಜೆಂಟರಾಗಿದ್ದರು. ಒಂದೇ ಕಂಪೆನಿ, ಒಂದೇ ಹಾಡು. ಎದುರು ಪ್ರಶ್ನೆ ಕೇಳಿದರೆ ಕ್ಲಾಸಿನಲ್ಲಿ ಗದರಿದಂತೆ ಗದರುತ್ತಿದ್ದರು. ಲಾಭದ ವಿಷಯ ಉದ್ದಕ್ಕೆ, ನಷ್ಟದ ವಿಷಯ ಗಂಟಲೊಳಗೆ. ಆದರೆ ತೊಂಬತ್ತರ ದಶಕದಲ್ಲಿ ಅಪ್ಪ ತೀರಿಕೊಂಡಾಗ ಅಮ್ಮ ಯಾವ ಆಫೀಸಿನ ಮೆಟ್ಟಿಲನ್ನೂ ಹತ್ತಲಿಲ್ಲ. ಕಂಪೆನಿಯವರು ಕೇಳಿದ್ದಕ್ಕೆ ಮೇಷ್ಟ್ರು "ಅವರನ್ನ ನಾನು ಬಲ್ಲೆ" ಎಂದರು. ಆ ಮಾತಿನ ಹಿಂದೆ ಒಬ್ಬ ಮನುಷ್ಯನಿದ್ದ.

ಈಗ ಫೋನಿನ ವಿಷಯಕ್ಕೆ ಬರುತ್ತೇನೆ.

ಕೆಲವು ತಿಂಗಳಿಂದ ನಮ್ಮ ಮನೆಗೆ ವಿಚಿತ್ರ ಕರೆಗಳು. "ಏಜೆಂಟ್ ಮೇಡಂ ಇದ್ದಾರಾ?" ನಾನು "ರಾಂಗ್ ನಂಬರ್" ಎಂದು ಇಡುವುದು. ಭಾನುವಾರ ಸಂಜೆ ಒಬ್ಬ ಹೆಂಗಸು ಮತ್ತೆ ಮತ್ತೆ ಮಾಡಿದಳು. ಕೊನೆಗೆ, "ರಾಂಗ್ ನಂಬರ್ ಅಂತ್ಲೇ ಏಳ್ತೀರಲ್ಲವ್ವ, ಕಾರ್ಡಲ್ಲಿ ಇದೇ ಬರ್ದೈತೆ" ಎಂದಳು. ಫೋನ್ ಇಟ್ಟಿರಲಿಲ್ಲ, ಅಳುತ್ತಿದ್ದಳು. ಏನೂ ತೋಚದೆ ಮನೆಯ ವಿಳಾಸ ಹೇಳಿ, ಬೆಳಿಗ್ಗೆ ಬನ್ನಿ ಎಂದಿದ್ದೆ.

ಸುರೇಶ ಎರಡನೇ ಸಲ ಸಾಂಬಾರು ಹಾಕಿಸಿಕೊಳ್ಳುವಾಗ ಅವಳು ಬಂದಳು. ಹೆಸರು ರತ್ನಮ್ಮ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ಮೊದಲ ಬಸ್ಸಿಗೇ ಹೊರಟಿರಬೇಕು. ಟಿಕೆಟ್ಟನ್ನು ಸಣ್ಣಗೆ ಮಡಿಸಿ ಕಿರುಬೆರಳಿನ ಉಂಗುರದಡಿ ಸಿಕ್ಕಿಸಿದ್ದಳು, ತೆಗೆಯುವುದು ಮರೆತಿದ್ದಳು. ಕೈಚೀಲದ ಹೊಲಿಗೆಯ ಗುಂಟ ರಾಗಿ ಹಿಟ್ಟು. ಗಂಡ ಚಂದ್ರಣ್ಣನದು ಊರಲ್ಲಿ ಹಿಟ್ಟಿನ ಮಿಲ್ಲು. ಮಿಲ್ಲು ಇದೆ, ಚಂದ್ರಣ್ಣ ಇಲ್ಲ. ಮಿಲ್ಲಿನ ಬೆಲ್ಟ್ ಬಿಗಿ ಮಾಡುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ, ಮತ್ತೆ ಏಳಲಿಲ್ಲ.

ಒಳಗೆ ಕಾಲಿಟ್ಟವಳು ಸುರೇಶನನ್ನು ಕಂಡು ಅರಳಿದಳು. "ಅಯ್ಯೋ ಸುರೇಶಣ್ಣ! ನೀವೂ ಏಜೆಂಟ್ ಮೇಡಂನೇ ನೋಡಾಕ್ ಬಂದ್ರಾ?"

ಸುರೇಶನ ಕೈ ತಟ್ಟೆಯಲ್ಲೇ ನಿಂತಿತು.

ಅವಳು ನನ್ನತ್ತ ತಿರುಗಿದಳು. ಚೀಲದಿಂದ ಒಂದು ಕಾರ್ಡು ತೆಗೆದು ಕೊಟ್ಟಳು. ವನಜಾಕ್ಷಿ, ವಿಮಾ ಸಲಹೆಗಾರರು, ಹಾಸನ ಆಫೀಸ್. ಕೆಳಗೆ ನಮ್ಮ ಮನೆಯ ಫೋನ್ ನಂಬರ್. ಅಂದರೆ ಇಷ್ಟು ದಿನ ನಾನು ಬೇಳೆ ಬೇಯಿಸಿದ್ದು ಅಡುಗೆಮನೆಯಲ್ಲಲ್ಲ, ಒಂದು ಬ್ರಾಂಚ್ ಆಫೀಸಿನಲ್ಲಿ!

"ನೀವೇ ಅಲ್ವಾ ಮೇಡಂ? ಒಂದ್ ಮಾತು ಏಳ್ಬುಡಿ ಸಾಕು. ನಮ್ಮೋರ್ನ ಬಲ್ಲೆ ಅಂತ."

ಕೂರಿಸಿ, ಕಾಫಿ ಕೊಟ್ಟು ಕೇಳಿದೆ. ಚಂದ್ರಣ್ಣ ಸುರೇಶನ ಹತ್ತಿರ, ಸುರೇಶನ ಹಳೆಯ ಕಂಪೆನಿಯಲ್ಲಿ, ವರ್ಷಗಟ್ಟಲೆ ಪಾಲಿಸಿ ಕಟ್ಟಿದ್ದ. ಇತ್ತೀಚೆಗೆ ಸುರೇಶ "ಹೊಸ ಕಂಪೆನಿ ಬಂದೈತೆ, ಇದಕ್ಕಿಂತ ಚೆನ್ನಾಗೈತೆ, ನಾನು ಎಲ್ಲಾ ಕಂಪೆನೀದೂ ನೋಡಿ ಏಳ್ತಿದೀನಿ" ಎಂದು ಹಳೆಯದನ್ನು ಮುಚ್ಚಿಸಿ ಹೊಸದನ್ನು ಮಾಡಿಸಿದ. ಹೊಸ ಕಂಪೆನಿ ಎಂದರೆ ವನಜಾಕ್ಷಿಯ ಹೆಸರಿನ ಏಜೆನ್ಸಿ. ಹೊಸ ಪಾಲಿಸಿಗೆ ಕಮಿಷನ್ನೂ ಹೊಸದಲ್ಲವೇ? ವಿಮೆ ಮಾಡಿಸಿದ ಸ್ವಲ್ಪ ಕಾಲಕ್ಕೇ ಸಾವಾದರೆ ಕಂಪೆನಿಯವರು ವಿಚಾರಿಸುವುದು ಉಂಟು. ಒಬ್ಬ ಮಲ್ಲಿಪಟ್ಟಣಕ್ಕೆ ಬಂದು ಕೇಳಿದ, "ಏಜೆಂಟ್ ವನಜಾಕ್ಷಿಯವರು ನಿಮ್ಮ ಯಜಮಾನರನ್ನ ಎಷ್ಟು ವರ್ಷದಿಂದ ಬಲ್ಲರು?"

"ನಾನು ಇದ್ದುದ್ದೇ ಏಳ್ದೆ ಮೇಡಂ. ಅವ್ರ್ಯಾರೋ ನಂಗೊತ್ತಿಲ್ಲ ಸಾ, ನಮ್ಮನೆಗೆ ಯಾವತ್ತೂ ಬಂದಿಲ್ಲ ಅಂದ್ಬುಟ್ಟೆ. ಅವತ್ತಿಂದ ಎಲ್ಲಾ ನಿಂತೋಯ್ತು."

ನಿಲ್ಲದೆ ಏನಾಗುತ್ತದೆ? ಅಲ್ಲಿ ಪಾಲಿಸಿಯ ಅರ್ಜಿಯಲ್ಲಿ ವನಜಾಕ್ಷಿ ಸಹಿ ಹಾಕಿದ್ದಾಳೆ, ಈ ವ್ಯಕ್ತಿಯನ್ನು ಚೆನ್ನಾಗಿ ಬಲ್ಲೆ ಎಂದು. ಇಲ್ಲಿ ಸತ್ತವನ ಹೆಂಡತಿ ಹೇಳುತ್ತಾಳೆ, ಆಕೆ ಯಾರೋ ಗೊತ್ತಿಲ್ಲ ಎಂದು. ಸುಳ್ಳು ಬರೆಸಿದವನು ಇಡ್ಲಿ ತಿನ್ನುತ್ತಿದ್ದಾನೆ. ನಿಜ ಹೇಳಿದವಳ ಹಣ ನಿಂತಿದೆ.

ಸುರೇಶ ನನ್ನ ಕಡೆ ಬಾಗಿ, ರತ್ನಮ್ಮನಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. "ಜಸ್ಟ್ ಸೇ ಯೆಸ್, ಅತ್ತಿಗೆ."

ನನಗೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇಂಗ್ಲಿಷ್ ಇದಕ್ಕಾ? ಸಿಟ್ಟು ಬಂದರೆ ನನ್ನ ದನಿ ಏರುವುದಿಲ್ಲ, ಇಳಿಯುತ್ತದೆ. (ಮಕ್ಕಳಿಗೆ ಗೊತ್ತು, ಅವರು ಆಗ ಓಡುತ್ತಾರೆ.) ಎದ್ದು ಹೋಗಿ ಹೊಳೆನರಸೀಪುರಕ್ಕೆ ಫೋನ್ ಮಾಡಿದೆ.

"ವನಜಾ, ಮಲ್ಲಿಪಟ್ಟಣದ ಚಂದ್ರಣ್ಣ ಅಂತ ಗೊತ್ತೇನೇ?"

"ಯಾರಕ್ಕಾ? ಇಲ್ವಲ್ಲ. ಇವರ ಕಡೆಯೋರಾ?" ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. "ಅವರು ಗುರುತು ಹಾಕಿಟ್ಟ ಕಡೆ ಸೈನ್ ಹಾಕ್ತೀನಿ ಅಷ್ಟೇ. ಒಂದ್ಸಲ ಓದಿ ನೋಡ್ತೀನಿ ಅಂದೆ. ನಿಂಗ್ಯಾಕದು ಅಂದ್ರು. ಯಾಕಕ್ಕಾ, ಏನಾದ್ರೂ ಆಯ್ತಾ?"

ಏನು ಹೇಳಲಿ? ನಿನ್ನ ಹೆಸರು ನಿನಗಿಂತ ಹೆಚ್ಚು ಊರು ಸುತ್ತಿದೆ ಎನ್ನಲೇ? ಆಮೇಲೆ ಮಾಡುತ್ತೇನೆ ಎಂದು ಇಟ್ಟೆ.

"ಸುರೇಶ, ಚಂದ್ರಣ್ಣನ್ನ ಬಲ್ಲೋನು ನೀನು. ಹಳೇದು ಮುಚ್ಚಿಸಿದ್ದೂ ನೀನೇ. ಇವರ ಜೊತೆ ಆ ಕಂಪೆನಿಗೆ ಹೋಗಿ ಅಷ್ಟು ಹೇಳು."

"ಹೇಳಿದ್ರೆ ಎರಡು ಏಜೆನ್ಸೀನೂ ಹೋಗುತ್ತೆ ಅತ್ತಿಗೆ! ಎಲ್ಲರೂ ಹಿಂಗೇ ಮಾಡೋದು. ಹಾಸನದಲ್ಲಿ ಕೇಳಿ, ಅರಕಲಗೂಡಲ್ಲಿ ಕೇಳಿ."

"ಇವರದ್ದು ಗಂಡ ಹೋಗಿದ್ದಾನೆ ಕಣೋ. ನಿಂದು ಏಜೆನ್ಸಿ ತಾನೇ?"

ಪೇಪರು ಮೊದಲ ಬಾರಿಗೆ ಕೆಳಗಿಳಿಯಿತು. ನಮ್ಮವರು ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು, ಆಫೀಸಿಗೆ ಹೊತ್ತಾಯಿತು ಎಂದರು. ಸುರೇಶನಿಗೂ ಬ್ರಾಂಚಿನಲ್ಲಿ ಮೀಟಿಂಗ್ ನೆನಪಾಯಿತು. ಅಣ್ಣತಮ್ಮಂದಿರು ಒಟ್ಟಿಗೇ ಚಪ್ಪಲಿ ಮೆಟ್ಟಿದರು. ಕಾಗದವನ್ನು ಮಾತ್ರ ಸುರೇಶ ಮರೆಯದೆ ಎತ್ತಿಕೊಂಡ, ನನ್ನ ಸಹಿ ಇಲ್ಲದ್ದು.

ರತ್ನಮ್ಮ ಇಬ್ಬರೂ ಹೋದ ದಾರಿಯನ್ನೇ ನೋಡಿ ಕೇಳಿದಳು, "ಅಂಗಾದ್ರೆ ಆ ಮೇಡಂ ಇಲ್ವೇ ಇಲ್ವಾ?"

"ಇದ್ದಾಳೆ. ಅಡುಗೆ ಮಾಡ್ತಿದ್ದಾಳೆ."

ಬೀಗ ಹಾಕಿ ಅವಳನ್ನು ಕರೆದುಕೊಂಡು ಹೊರಟೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬ್ರೋಕರ್ ಆಫೀಸಿದೆ, ಎರಡನೇ ಮಹಡಿ. ನಾನು ಅಲ್ಲಿಗೆ ಮೊದಲ ಬಾರಿ ಹೋದದ್ದು. ಕುಳಿತಿದ್ದಾತ ನಡುವಯಸ್ಸಿನವರು, ಕಂಪ್ಯೂಟರಿನಿಂದ ಕಣ್ಣು ತೆಗೆಯಲು ಸ್ವಲ್ಪ ಕಷ್ಟಪಟ್ಟರು. ಎಲ್ಲ ಕೇಳಿ, "ಇದು ನಮ್ಮ ಮೂಲಕ ಆಗಿದ್ದಲ್ಲ, ನಾವು ಓಡಾಡೋಕಾಗಲ್ಲ" ಎಂದರು. (ಹೌದು, ಇವರೂ ದೇವರಲ್ಲ.) ಆದರೆ ಒಂದು ಮಾತು ಬಿಡಿಸಿ ಹೇಳಿದರು.

"ನೋಡಿ ಮೇಡಂ, ಏಜೆಂಟ್ ಅಂದ್ರೆ ಕಂಪೆನಿ ಕಡೆಯವನು. ನಾವು ಗಿರಾಕಿ ಕಡೆಯವರು. ನಮ್ಮಿಂದ ತಪ್ಪಾದ್ರೆ ಗಿರಾಕಿ ನಮ್ಮ ಕಾಲರ್ ಹಿಡೀಬಹುದು. ಏಜೆಂಟಿಂದ ತಪ್ಪಾದ್ರೆ ಕಂಪೆನೀನ ಕೇಳಬಹುದು. ಇವರ ಯಜಮಾನ್ರು ತಮ್ಮ ಆರೋಗ್ಯದ ವಿಷಯ ಏನೂ ಮುಚ್ಚಿಟ್ಟಿಲ್ಲ ಅಂತಾದ್ರೆ, ಕಂಪೆನಿಯ ಏಜೆಂಟ್ ಸುಳ್ಳು ಬರೆದಿದ್ದಕ್ಕೆ ಇವರನ್ನ ಯಾಕೆ ಶಿಕ್ಷಿಸಬೇಕು? ನಡೆದದ್ದು ನಡೆದ ಹಾಗೇ ಬರೆದುಕೊಡಿ. ಒಪ್ಪದಿದ್ರೆ ದೂರು ಕೇಳೋಕೆ ಮೇಲೆ ಅಧಿಕಾರಿ ಇದ್ದಾರೆ."

"ಮತ್ತೆ ಹೆಂಡತಿ ಹೆಸರಲ್ಲಿ ಮಾಡೋರು? ಅವರು ಯಾರ ಕಡೆ?"

ಆತ ನಕ್ಕರು. ನನಗೆ ನಗು ಬರಲಿಲ್ಲ.

ಅಲ್ಲೇ ಕುಳಿತು ರತ್ನಮ್ಮನ ಮಾತಾಗಿ ನಾನೇ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಸಿಸ್ಟರ್ ತಿದ್ದಿಸಿದ ಕೂಡು ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಏಜೆಂಟ್ ನನ್ನ ಗಂಡನನ್ನು ನೋಡಿಲ್ಲ ಎಂದು ನಾನು ಹೇಳಿದ್ದು ನಿಜ, ನೋಡಿ ಮಾತಾಡಿ ಪಾಲಿಸಿ ಮಾಡಿಸಿದವರು ಇಂಥವರು ಎಂದು. "ಇಂಥವರು" ಎನ್ನುವ ಕಡೆ ನಮ್ಮವರ ತಮ್ಮನ ಪೂರ್ತಿ ಹೆಸರು. ಬರೆಯುವಾಗ ಕೈ ಒಂದು ಕ್ಷಣ ನಿಂತಿತು, ಸುಳ್ಳೇಕೆ? ಆಮೇಲೆ ಮುಂದೆ ಹೋಯಿತು.

ಪ್ರತಿ ಸಾಲನ್ನೂ ರತ್ನಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಇನ್ನೊಂದ್ ಸಲ ಏಳಿ" ಎಂದಳು. ಹೇಳಿದೆ. ಆಮೇಲೆ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಒತ್ತಿ ಬರೆದು, "ಮ್ಮ" ಒತ್ತು ಸರಿಯಾಯಿತೇ ಎಂದು ನೋಡಿಕೊಂಡಳು. ಕಾಗದದ ಹಿಂಬದಿಯಲ್ಲೂ ಅವಳ ಹೆಸರು ಮೂಡಿತ್ತು. ಅದಕ್ಕೆ ಸಹಿ ಎನ್ನುತ್ತಾರೆ.

ಹೊಸ ಕಂಪೆನಿಯ ಆಫೀಸಿನಲ್ಲಿ ಪತ್ರ ತೆಗೆದುಕೊಂಡು ಸೀಲು ಹಾಕಿದ ಪ್ರತಿ ಕೊಟ್ಟರು. "ನೋಡ್ತೀವಿ" ಎಂದರು. ನೋಡುತ್ತಾರಾ? ಗೊತ್ತಿಲ್ಲ. ನಾನಂತೂ ನೋಡುತ್ತಿರುತ್ತೇನೆ.

ಬಸ್ ಹತ್ತುವ ಮೊದಲು ರತ್ನಮ್ಮ ಚೀಲದಿಂದ ಹುರಿಹಿಟ್ಟಿನ ಪೊಟ್ಟಣ ತೆಗೆದಳು. "ಮೇಡಂಗೆ ಅಂತ ತಂದಿದ್ದೆ. ಆಯಮ್ಮ ಸಿಕ್ಕಾಗ ಕೊಟ್ಬುಡಿ. ಪಾಪ, ಅವ್ರ್ದೇನ್ ತಪ್ಪೈತೆ."

ಬಸ್ಸಿನ ಹೊಗೆಯಲ್ಲಿ ನಿಂತು ಯೋಚಿಸಿದೆ. ಅವ್ರ್ದೇನ್ ತಪ್ಪೈತೆ. ನಿಜವೇ? ವನಜಾಕ್ಷಿ ಓದುತ್ತೇನೆ ಎಂದಿದ್ದಳು, "ನಿಂಗ್ಯಾಕದು" ಎಂಬ ಮಾತಿಗೆ ಬಿಟ್ಟುಕೊಟ್ಟಳು. ನಮ್ಮಲ್ಲಿ ಎಷ್ಟು ಜನ ಬಿಟ್ಟುಕೊಟ್ಟಿಲ್ಲ? ಒಂದು ಕಂಪೆನಿಯವನಾದರೆ ಒಂದರವನು ಎನ್ನಲಿ. ಹತ್ತು ಕಂಪೆನಿಯವನಾದರೆ ತನ್ನ ಹೆಸರಲ್ಲೇ ಬೋರ್ಡು ಹಾಕಲಿ. ನನ್ನ ಜಗಳ ಎರಡರ ಜೊತೆಗೂ ಅಲ್ಲ. "ಸ್ವತಂತ್ರ" ಎಂದು ಎದೆ ತಟ್ಟಿಕೊಳ್ಳುವವನು ಅಡುಗೆಮನೆಯಲ್ಲಿ ನಿಂತವಳ ಹೆಸರನ್ನು ಬಾಡಿಗೆಯಿಲ್ಲದೆ ಉಡುವುದಿದೆಯಲ್ಲ, ಅದು ನನಗೆ ಉರಿ.

ಮನೆಗೆ ಬಂದಾಗ ಸಂಜೆಯಾಗಿತ್ತು. ಕಾಂಪೌಂಡಿನಾಚೆ ಪಕ್ಕದ ಮನೆಯ ಸುಮಿತ್ರಮ್ಮ ಕನಕಾಂಬರ ಬಿಡಿಸುತ್ತಿದ್ದರು.

"ಎಲ್ರೀ ಹೋಗಿದ್ರಿ ಇಷ್ಟೊತ್ತು? ನಿಮ್ಮ ಮೈದುನ ಬಂದಿದ್ರು. ಬಾಗಿಲು ಹಾಕಿತ್ತಲ್ಲ, ನಮ್ಮನೇಲೇ ಕೂತು ಕಾಫಿ ಕುಡಿದ್ರು. ಅದೇನೋ ಏಜೆಂಟ್ ಕಾಗದ ಅಂತೆ, ಪಾಪ, ನೀವು ಆಗಲ್ಲ ಅಂದ್ರಂತೆ."

"ನೀವು?"

"ಒಂದು ಸೈನ್ ತಾನೇ, ಹಾಕ್ಕೊಟ್ಟೆ." ಹೂವನ್ನು ಮಡಿಲಿಗೆ ಹಾಕಿಕೊಳ್ಳುತ್ತಾ ಅಂದರು. "ನಮ್ಮ ಫೋನ್ ಕೆಟ್ಟಿದೆಯಲ್ಲ, ನಂಬರ್ ಮಾತ್ರ ನಿಮ್ಮನೇದೇ ಕೊಟ್ಟಿದೀನಿ ಕಣ್ರೀ, ಯಾರಾದ್ರೂ ಕೇಳಿದ್ರೆ ಒಂಚೂರು ಕರೀರಿ."